ಮಳೆ ರಜೆಯಲ್ಲಿ ಮಕ್ಕಳಿಗೆ ಏನು ಮಾಡಿಕೊಡುತ್ತೀರಿ? ಬೇಗ ಆಗುವ ಮನೆ ತಿಂಡಿ ಹೇಳಿ

ಸುಂಟಿಕೊಪ್ಪದ ಅಮ್ಮ | ಜುಲೈ 5, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇಲ್ಲಿ ಮಳೆ ರಜೆ. ದೊಡ್ಡವನಿಗೆ ಒಂಬತ್ತು ವರ್ಷ, ಚಿಕ್ಕವಳಿಗೆ ನಾಲ್ಕು. ಅಂಗಳಕ್ಕೂ ಇಳಿಯಲು ಆಗುತ್ತಿಲ್ಲ. ಗಂಟೆಗೊಮ್ಮೆ "ಅವ್ವ, ತಿನ್ನಲು ಏನಿದೆ?" ಎಂದು ಬರುತ್ತಾರೆ. ನಾನು ಕೊಡುವುದು ಪ್ಯಾಕೆಟ್. ಬಿಸ್ಕತ್ತು, ಚಿಪ್ಸ್, ನೂಡಲ್ಸ್. ಕಳೆದ ತಿಂಗಳು ಅಂಗಡಿ ಲೆಕ್ಕ ನೋಡಿದೆ. ಬರೀ ಇದಕ್ಕೇ 940 ರೂಪಾಯಿ ಆಗಿದೆ.

ದುಡ್ಡಿನದು ಒಂದು ಕಡೆ ಇರಲಿ. ಮೊನ್ನೆ ನಮ್ಮ ಅತ್ತೆ ತಂಬುಟ್ಟಿನ ವಿಷಯ ಹೇಳುತ್ತಿದ್ದರು, ಹುರಿದ ಅಕ್ಕಿ ಪುಡಿಗೆ ಬಾಳೆಹಣ್ಣು ಕಲಸಿ ಮಾಡುವ ನಮ್ಮ ಕಡೆಯ ಸಿಹಿ. ಮಗ "ಅದು ಖಾರನಾ, ಸಿಹಿನಾ?" ಎಂದು ಕೇಳಿದ. ಕೊಡಗಿನಲ್ಲೇ ಹುಟ್ಟಿ ಬೆಳೆದ ಮಗು. ಅತ್ತೆ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಕೆಲಸಕ್ಕೆ ಹೋಗುವವಳು. ಬರುವಾಗ ಮೂರೂವರೆ. ಮಕ್ಕಳು ಬರುವುದು ನಾಲ್ಕೂಕಾಲಕ್ಕೆ. ಆ ಮುಕ್ಕಾಲು ಗಂಟೆಯಲ್ಲಿ ಆಗುವಂಥದ್ದು ಬೇಕು. ಕಳೆದ ವಾರ ಪಾಪುಟ್ಟು ಮಾಡಿದೆ, ಅಕ್ಕಿ ತರಿ ಹಾಲಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸುವುದು. ಮೇಲೆ ನೀರು ನೀರು, ಕೆಳಗೆ ಕಲ್ಲು. ಮಕ್ಕಳು ಒಂದೊಂದು ತುಂಡು ತಿಂದು ತಟ್ಟೆ ಇಟ್ಟುಬಿಟ್ಟರು. ಎಲ್ಲಿ ತಪ್ಪಾಯಿತು ಹೇಳುತ್ತೀರಾ?


ಪೊನ್ನಂಪೇಟೆ ಅಜ್ಜಿ | ಜುಲೈ 5, ರಾತ್ರಿ 9.48

ಮಗಳೇ, ಮೊದಲು ಇದು ಹೇಳು. ತಟ್ಟೆಗೆ ಸುರಿಯುವ ಮುಂಚೆ ತಳದಿಂದ ಕಲಸಿದೆಯಾ? ತರಿ ಹಾಲಿನಲ್ಲಿ ನಿಲ್ಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ಮೇಲಿನ ಹಾಲು ಒಂದು ತಟ್ಟೆಗೆ ಹೋದರೆ ತಳದ ತರಿ ಇನ್ನೊಂದು ತಟ್ಟೆಗೆ ಹೋಗುತ್ತದೆ. ಇನ್ನೊಂದು, ಮುಚ್ಚಳಕ್ಕೆ ಬಟ್ಟೆ ಕಟ್ಟಿದೆಯಾ?


ಸುಂಟಿಕೊಪ್ಪದ ಅಮ್ಮ | ಜುಲೈ 5, ರಾತ್ರಿ 9.55

ಎರಡೂ ಮಾಡಲಿಲ್ಲ ಅಜ್ಜಿ. ಕಲಸಿ ಇಟ್ಟು, ಆಮೇಲೆ ಹಾಗೇ ಸುರಿದೆ. ಬಟ್ಟೆ ಕಟ್ಟಬೇಕು ಅಂತ ಗೊತ್ತೇ ಇರಲಿಲ್ಲ.


ಪೊನ್ನಂಪೇಟೆ ಅಜ್ಜಿ | ಜುಲೈ 5, ರಾತ್ರಿ 10.20

ಹಾಗಾದರೆ ಕೇಳು. ಒಂದು ಲೋಟ ಅಕ್ಕಿ ತರಿ. ಒಂದು ಲೋಟ ಹಾಲು, ಒಂದು ಲೋಟ ನೀರು. ಅರ್ಧ ಲೋಟ ತೆಂಗಿನ ತುರಿ. ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ, ಎರಡು ಏಲಕ್ಕಿ ಗುದ್ದಿ ಹಾಕು. ತರಿಯನ್ನು ಎರಡು ಸಲ ತೊಳೆದು ನೀರು ಬಸಿ. ಹಾಲು ನೀರು ಹಾಕಿ ಇಪ್ಪತ್ತು ನಿಮಿಷ ನೆನೆಯಲು ಬಿಡು. ಅಷ್ಟರಲ್ಲಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಬೇಕು. ತಣ್ಣನೆಯ ಪಾತ್ರೆಯಲ್ಲಿ ತಟ್ಟೆ ಇಡಬೇಡ. ಇಟ್ಟರೆ ನೀರು ಕುದಿಯುವ ಹೊತ್ತಿಗೆ ತರಿ ಎಲ್ಲಾ ಕೆಳಗೆ ಕೂತಿರುತ್ತದೆ. ನಿನ್ನದು ಕಲ್ಲಾಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ತಟ್ಟೆಗೆ ತುಪ್ಪ ಸವರು. ಪ್ರತಿ ಸೌಟಿಗೂ ತಳದಿಂದ ಕಲಸಿ ಸುರಿ. ಅರ್ಧ ಬೆರಳಿನಷ್ಟು ದಪ್ಪ ಸಾಕು. ಮೇಲೆ ಉಳಿದ ತುರಿ ಉದುರಿಸು. ಮುಚ್ಚಳಕ್ಕೆ ಒಣ ಬಟ್ಟೆ ಕಟ್ಟಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸು. ಇಳಿಸಿದ ತಕ್ಷಣ ಕತ್ತರಿಸಬೇಡ, ಹತ್ತು ನಿಮಿಷ ಆರಲಿ. ಆಮೇಲೆ ಚಾಕುವಿಗೆ ಅಂಟುವುದಿಲ್ಲ.

ಮಕ್ಕಳಿಗೆ ಸುಮ್ನೆ ಹಾಗೇ ಕೊಡಬಹುದು. ದೊಡ್ಡವರಿಗೆ ಕೋಳಿ ಸಾರಿನ ಜೊತೆ.


ಕುಶಾಲನಗರದ ಅಪ್ಪ | ಜುಲೈ 6, ಬೆಳಿಗ್ಗೆ 6.35

ಅಜ್ಜಿ, ನಮಸ್ಕಾರ. ನಮ್ಮ ಮನೆಯಲ್ಲಿ ಸಂಜೆ ತಿಂಡಿ ನನ್ನ ಪಾಲಿನ ಕೆಲಸ. ತರಿ ಮಾಡಿಕೊಳ್ಳಲು ಪುರುಸೊತ್ತು ಇಲ್ಲ. ಅಂಗಡಿಯ ಇಡ್ಲಿ ರವೆ ಹಾಕಿದರೆ ಆಗುತ್ತದಾ?


ನಾಪೋಕ್ಲು ತೋಟದ ಮನೆ | ಜುಲೈ 6, ಬೆಳಿಗ್ಗೆ 8.15

ಆಗುತ್ತದೆ ಅಣ್ಣ, ಆದರೆ ಬೇರೆ ರುಚಿ. ಇಡ್ಲಿ ರವೆ ಕುಚ್ಚಲಕ್ಕಿಯದು. ಸ್ವಲ್ಪ ಜಾಸ್ತಿ ಹೊತ್ತು ನೆನೆಸಬೇಕು. ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸುವ ತರಿ ಉಂಡೆ, ಅದರಲ್ಲಿ ಚೆನ್ನಾಗಿಯೇ ಬರುತ್ತದೆ. ಪಾಪುಟ್ಟಿಗೆ ನನಗೆ ಹಿಡಿಸುವುದಿಲ್ಲ. ಬೆಳ್ತಿಗೆ ಅಕ್ಕಿಯ ತರಿಯಲ್ಲಿ ಬರುವ ಆ ಹಾಲಿನ ವಾಸನೆ ಅದರಲ್ಲಿ ಬರುವುದಿಲ್ಲ.

ಪುರುಸೊತ್ತಿನ ಮಾತಿಗೆ ನನ್ನ ದಾರಿ ಹೇಳುತ್ತೇನೆ. ಈ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ದಿನಾ ಸಂಜೆ ಮೊದಲಿನಿಂದ ಶುರು ಮಾಡಿದರೆ ಯಾರಿಗೂ ಆಗುವುದಿಲ್ಲ. ನಮ್ಮ ಹಿರಿಯರೂ ಹಾಗೆ ಮಾಡುತ್ತಿರಲಿಲ್ಲ. ಒಂದು ದಿನ ಕೂತು ಅಕ್ಕಿ ಒಡೆದು ಇಡುತ್ತಿದ್ದರು. ನಾನೂ ತಿಂಗಳಿಗೆ ಒಂದು ಭಾನುವಾರ ಎರಡು ಕಿಲೋ ಅಕ್ಕಿ ಒಡೆಯುತ್ತೇನೆ.

ಬೇಸಿಗೆಯಾದರೆ ಅಕ್ಕಿ ತೊಳೆದು, ಬಸಿದು, ಬಟ್ಟೆಯ ಮೇಲೆ ಒಣಗಿಸುತ್ತೇನೆ. ಈ ಮಳೆಯಲ್ಲಿ ಅದು ಆಗದ ಮಾತು. ಅರ್ಧ ಒಣಗಿದ ಅಕ್ಕಿ ಒಡೆದು ಡಬ್ಬಕ್ಕೆ ತುಂಬಿದರೆ ವಾರದಲ್ಲಿ ಮುಗ್ಗು ವಾಸನೆ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ತೊಳೆಯುವುದೇ ಇಲ್ಲ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತೇನೆ. ತಿಂಡಿ ಮಾಡುವ ದಿನ ತರಿಯನ್ನೇ ತೊಳೆಯುತ್ತೇನೆ.

ಮಿಕ್ಸಿಗೆ ಒಂದು ಸಲಕ್ಕೆ ಒಂದೇ ಲೋಟ ಹಾಕಿ. ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ತಿರುಗಿಸಿ. ಆಮೇಲೆ ಜರಡಿ ಹಿಡಿಯಿರಿ. ಸಾಸಿವೆ ಗಾತ್ರದ ತರಿ ಕಡಂಬುಟ್ಟಿಗೆ. ಅದಕ್ಕಿಂತ ಸಣ್ಣದು ಪಾಪುಟ್ಟಿಗೆ. ಜರಡಿಯ ಅಡಿಗೆ ಬಿದ್ದ ಹಿಟ್ಟು ಒಟ್ಟಿ, ಅಂದರೆ ಅಕ್ಕಿ ರೊಟ್ಟಿ ಮಾಡಲು. ಒಂದು ಕಾಳೂ ದಂಡ ಆಗುವುದಿಲ್ಲ. ಡಬ್ಬಕ್ಕೆ ಹಾಕುವ ಮೊದಲು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿಸಿ. ಕೆಂಪಗೆ ಹುರಿಯಬೇಡಿ. ಕೈಗೆ ಬಿಸಿ ತಾಗಿದರೆ ಸಾಕು. ನಮ್ಮಲ್ಲಿ ಡಬ್ಬ ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತದೆ. ಸೌದೆ ಒಲೆ ಇಲ್ಲದವರು ಫ್ರಿಜ್‌ನಲ್ಲಿ ಇಡಿ.


ಸಿದ್ದಾಪುರದಿಂದ | ಜುಲೈ 6, ರಾತ್ರಿ 8.02

ನಾನು ಇಲ್ಲಿ ಬರೆಯುವುದು ಮೊದಲ ಸಲ. ನಾವು ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇದ್ದೇವೆ. ನನ್ನ ತವರು ಹುಣಸೂರು ಕಡೆ. ಹಾಲು, ತುಪ್ಪ, ಏಲಕ್ಕಿ ದಿನಾ ನಮಗೆ ಆಗುವುದಿಲ್ಲ. ರೇಷನ್ ಅಕ್ಕಿ ಇದೆ. ರಾಗಿ ಇದೆ. ಬೆಲ್ಲ ಇದೆ. ಇದರಲ್ಲಿ ಮಕ್ಕಳಿಗೆ ಏನು ಮಾಡಬಹುದು?

ನಾನು ಮಾಡುವುದು ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಒದ್ದೆ ಮಾಡಿ ಸ್ವಲ್ಪ ಹೊತ್ತು ಮುಚ್ಚಿಡುತ್ತೇನೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಸ್ವಲ್ಪ ಸ್ವಲ್ಪ ಹಾಕಿ ಹುರಿದರೆ ಅರಳು ಸಿಡಿಯುತ್ತದೆ. ಗಿರಣಿಯಲ್ಲಿ ಹಿಟ್ಟು ಮಾಡಿಸುತ್ತೇನೆ. ಬೆಲ್ಲ, ತೆಂಗಿನ ತುರಿ ಹಾಕಿ ಬಿಸಿ ನೀರಿನಲ್ಲಿ ಕಲಸಿ ಉಂಡೆ ಕಟ್ಟಿ ಕೊಡುತ್ತೇನೆ. ನೀರು ಬಿಸಿ ಮಾಡುವುದು ಬಿಟ್ಟರೆ ಒಲೆ ಕೆಲಸ ಇಲ್ಲ. ಆದರೆ ಮಕ್ಕಳಿಗೆ ಅದೇ ಅದೇ ಆಗಿದೆ.


ಪೊನ್ನಂಪೇಟೆ ಅಜ್ಜಿ | ಜುಲೈ 6, ರಾತ್ರಿ 8.40

ಬಾ ತಾಯಿ, ನೀನು ಬರೆದದ್ದು ಬಹಳ ಒಳ್ಳೆಯದಾಯಿತು. ಹುರಿಹಿಟ್ಟು ನನ್ನ ಮೊಮ್ಮಕ್ಕಳಿಗೆ ನಾನೂ ಮಾಡಬೇಕು.

ರೇಷನ್ ಅಕ್ಕಿಯಲ್ಲಿ ಕಡಂಬುಟ್ಟು ಚೆನ್ನಾಗಿ ಆಗುತ್ತದೆ. ಹಾಲು ಬೇಡ, ತುಪ್ಪ ಬೇಡ. ಒಂದು ಲೋಟ ತರಿಗೆ ಎರಡು ಲೋಟ ನೀರು. ನೀರು ಕುದಿಸಿ ಉಪ್ಪು ಹಾಕಿ ತರಿ ಸುರಿದು ಸಣ್ಣ ಉರಿಯಲ್ಲಿ ತಿರುಗಿಸು. ಉಪ್ಪಿಟ್ಟಿನ ಹದ ಬಂದರೆ ಮುಚ್ಚಿ ಇಳಿಸು. ಬಿಸಿ ಇರುವಾಗಲೇ ಕೈಗೆ ನೀರು ಮಾಡಿಕೊಂಡು ನಿಂಬೆ ಗಾತ್ರದ ಉಂಡೆ ಕಟ್ಟು. ತಣ್ಣಗಾದರೆ ಬಿರುಕು ಬಿಡುತ್ತದೆ. ಹಬೆಯಲ್ಲಿ ಇಪ್ಪತ್ತು ನಿಮಿಷ. ಒದ್ದೆ ಕೈಯಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ.

ಮಕ್ಕಳ ಉಂಡೆಯೊಳಗೆ ಬೆಲ್ಲ ಮತ್ತು ತೆಂಗಿನ ತುರಿ ಇಟ್ಟು ಕಟ್ಟು. ಕಚ್ಚಿದ ಕೂಡಲೇ ಬೆಲ್ಲದ ಪಾಕ ಬಾಯಿಗೆ ಬರುತ್ತದೆ. ಇದು ಹಬ್ಬದ ಕಡಂಬುಟ್ಟು ಅಲ್ಲ, ನಾನು ನನ್ನ ಮಕ್ಕಳಿಗೆ ಮಾಡುತ್ತಿದ್ದದ್ದು.


ಸೋಮವಾರಪೇಟೆ ಅಕ್ಕ | ಜುಲೈ 6, ರಾತ್ರಿ 9.30

ನಮ್ಮ ಕಡೆ ಇದಕ್ಕೆ ಕಡುಬು ಅಂತೇವೆ. ರಾತ್ರಿ ನಾಲ್ಕು ಉಂಡೆ ಜಾಸ್ತಿ ಮಾಡಿ ಇಡಿ. ಮರುದಿನ ಸಂಜೆ ನಾಲ್ಕು ತುಂಡು ಮಾಡಿ, ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆಯಲ್ಲಿ ಹುರಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಸುಂಟಿಕೊಪ್ಪದ ಅಕ್ಕ, ನಿಮ್ಮ ಮುಕ್ಕಾಲು ಗಂಟೆಗೆ ಇದೇ ಸರಿ. ಏಳೇ ನಿಮಿಷ ಸಾಕು. ನನ್ನ ಮಗಳಿಗೆ ಹೊಸ ಕಡುಬಿಗಿಂತ ಇದೇ ಇಷ್ಟ.


ಮಕ್ಕಂದೂರಿನಿಂದ | ಜುಲೈ 7, ಮಧ್ಯಾಹ್ನ 1.15

ತಂಬುಟ್ಟಿನ ವಿಷಯ ಬಂತಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಮನೆ ಬಿಟ್ಟು ಹೊರಡುವ ಮುಂಚಿನ ಎರಡು ದಿನ ಕರೆಂಟ್ ಇರಲಿಲ್ಲ. ದಾರಿ ಇರಲಿಲ್ಲ. ಗ್ಯಾಸ್ ಮುಗಿದಿತ್ತು, ಸೌದೆ ಎಲ್ಲಾ ನೆನೆದಿತ್ತು. ಮನೆಯಲ್ಲಿ ಏಳು ಜನ, ಅದರಲ್ಲಿ ಮೂವರು ಮಕ್ಕಳು. ಅವ್ವ ಅಟ್ಟದಿಂದ ಒಂದು ಡಬ್ಬ ಇಳಿಸಿದರು. ತಂಬುಟ್ಟು ಪುಡಿ. ಹೊರಗೆ ಜಗಲಿಯಲ್ಲಿ ಬಾಳೆಗೊನೆ ನೇತು ಹಾಕಿತ್ತು. ಹಣ್ಣು ಹಿಸುಕಿ, ಪುಡಿ ಕಲಸಿ, ಒಂದೊಂದು ಮುಷ್ಟಿ ಕೊಟ್ಟರು. ಎರಡು ದಿನ ಮಕ್ಕಳು ಹಸಿವು ಅಂತ ಅಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆ ಡಬ್ಬ ಖಾಲಿ ಆಗಲು ನಾನು ಬಿಟ್ಟಿಲ್ಲ.

ಪುತ್ತರಿಗೆ, ಅಂದರೆ ಹೊಸ ಅಕ್ಕಿಯ ಹಬ್ಬಕ್ಕೆ ಮಾತ್ರ ಮಾಡಬೇಕು ಎಂದು ಕೆಲವರು ಹೇಳುತ್ತಾರೆ. ಹಬ್ಬದ ದಿನ ಹೊಸ ಅಕ್ಕಿ ಸೇರಿಸಿ ಮಾಡುವುದು ಬೇರೆ, ಅದಕ್ಕೆ ಅದರದ್ದೇ ಗೌರವ. ಆದರೆ ಪುಡಿ ವರ್ಷವಿಡೀ ಇರಲಿ.

ಎರಡು ಲೋಟ ಕುಚ್ಚಲಕ್ಕಿ. ಒರೆಸಿ ದಪ್ಪ ಬಾಣಲೆಯಲ್ಲಿ ಹುರಿಯಿರಿ. ಅಕ್ಕಿ ಉಬ್ಬಿ, ಚಟಪಟ ಅಂದು, ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬರಬೇಕು. ಒಂದು ಚಮಚ ಮೆಂತ್ಯ ಬೇರೆಯಾಗಿ ಹುರಿಯಿರಿ. ಐದಾರು ಏಲಕ್ಕಿ. ಎಲ್ಲಾ ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ. ತಿನ್ನುವಾಗ ಚೆನ್ನಾಗಿ ಮಾಗಿದ ನಾಲ್ಕು ಪುಟ್ಟಬಾಳೆಹಣ್ಣು ಹಿಸುಕಿ, ಚಿಟಿಕೆ ಉಪ್ಪು ಹಾಕಿ, ಪುಡಿಯನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕಲಸಿ. ಹಣ್ಣು ಎಷ್ಟು ಪುಡಿ ಹಿಡಿಯುತ್ತದೋ ಅಷ್ಟು. ಮೇಲೆ ತುಪ್ಪ, ತೆಂಗಿನ ತುರಿ, ಹುರಿದ ಎಳ್ಳು. ಒಲೆ ಬೇಡ. ಐದು ನಿಮಿಷ.


ಗೋಣಿಕೊಪ್ಪಲು | ಜುಲೈ 7, ಮಧ್ಯಾಹ್ನ 2.40

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ. ಓದಿ ಕಣ್ಣು ತುಂಬಿತು.

ಒಂದು ಸಂದೇಹ. ನಾನು ಮಾಡಿದಾಗ ಪುಡಿ ಕಹಿ ಆಗಿತ್ತು. ಮೆಂತ್ಯ ಹಾಕದೇ ಮಾಡಬಹುದಾ?


ನಾಪೋಕ್ಲು ತೋಟದ ಮನೆ | ಜುಲೈ 7, ಸಂಜೆ 5.10

ಮೆಂತ್ಯ ಸೀದಿರಬೇಕು. ಅಕ್ಕಿಯ ಜೊತೆಗೇ ಹಾಕಿದರೆ ಅಕ್ಕಿ ಉಬ್ಬುವ ಹೊತ್ತಿಗೆ ಮೆಂತ್ಯ ಕಪ್ಪಾಗಿರುತ್ತದೆ. ಬೇರೆ ಹುರಿದು, ಹೊಂಬಣ್ಣ ಬಂದ ತಕ್ಷಣ ಇಳಿಸಿ. ಬಿಡಬೇಡಿ ಅಕ್ಕ. ಮೆಂತ್ಯ ಇಲ್ಲದಿದ್ದರೆ ಅದು ಬಾಳೆಹಣ್ಣು ಮತ್ತು ಅಕ್ಕಿ ಪುಡಿ ಅಷ್ಟೇ. ಆ ವಾಸನೆಯಿಂದಲೇ ತಂಬುಟ್ಟು.


ಅಮ್ಮತ್ತಿ | ಜುಲೈ 7, ಸಂಜೆ 6.25

ನನ್ನ ಅಭಿಪ್ರಾಯ ಬೇರೆ. ಸಣ್ಣ ಮಕ್ಕಳಿಗೆ ಮೆಂತ್ಯ ಅರ್ಧಕ್ಕೆ ಇಳಿಸಿ. ರುಚಿ ಹತ್ತಿದ ಮೇಲೆ ಜಾಸ್ತಿ ಮಾಡಬಹುದು. ನನ್ನ ಮಗಳು ಮೊದಲ ಸಲ ಉಗುಳಿದಳು. ಅರ್ಧ ಹಾಕಿದ ಮೇಲೆ ಈಗ ಅವಳೇ ಡಬ್ಬ ತರುತ್ತಾಳೆ.


ವಿರಾಜಪೇಟೆ ಅಡುಗೆಮನೆ | ಜುಲೈ 7, ರಾತ್ರಿ 9.05

ಎಲ್ಲರಿಗೂ ಸಲಾಂ. ನಮ್ಮ ಮನೆಯಲ್ಲಿ ಸಂಜೆಗೆ ನೇಂದ್ರ ಬಾಳೆಹಣ್ಣು. ಸಿಪ್ಪೆ ಕಪ್ಪು ಚುಕ್ಕೆ ಬರುವಷ್ಟು ಮಾಗಿರಬೇಕು. ಸಿಪ್ಪೆ ಸಮೇತ ಎರಡು ತುಂಡು ಮಾಡಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಸಿಪ್ಪೆ ತಾನೇ ಬಿಡುತ್ತದೆ. ಸಕ್ಕರೆ ಬೇಡ, ಏನೂ ಬೇಡ. ಮಳೆ ಜೋರಾಗಿದ್ದ ದಿನ ಹಿಟ್ಟಿನಲ್ಲಿ ಅದ್ದಿ ಕರಿಯುತ್ತೇವೆ. ಅದು ವಾರಕ್ಕೆ ಒಂದೇ ಸಲ.

ನಾಪೋಕ್ಲು ಅಕ್ಕ ಒಟ್ಟಿ ಬಗ್ಗೆ ಹೇಳಿದರಲ್ವಾ. ನಮ್ಮ ಪತ್ತಿರಿಯೂ ಅದೇ ಅಕ್ಕಿ ಹಿಟ್ಟಿನದು. ನಾವು ಕುದಿಯುವ ನೀರಿಗೆ ಹಿಟ್ಟು ಹಾಕಿ ಕಲಸುತ್ತೇವೆ. ನೀವು ಅನ್ನ ಹಾಕಿ ನಾದುತ್ತೀರಿ. ನಮ್ಮ ಪಕ್ಕದ ಮನೆಯ ಅಕ್ಕ ನನಗೆ ಒಟ್ಟಿ ಕಲಿಸಿದರು, ನಾನು ಅವರಿಗೆ ಪತ್ತಿರಿ ಕಲಿಸಿದೆ. ರಾತ್ರಿ ಉಳಿದ ಅನ್ನಕ್ಕೆ ಒಟ್ಟಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದು ಲೋಟ ಮೆತ್ತಗಿನ ಅನ್ನ, ಒಂದೂಕಾಲು ಲೋಟ ಅಕ್ಕಿ ಹಿಟ್ಟು, ಉಪ್ಪು. ಅನ್ನದ ಒಂದು ಅಗುಳೂ ಕೈಗೆ ಸಿಗದ ಹಾಗೆ ನಾದಬೇಕು. ಲಟ್ಟಿಸಿ, ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ, ಕೆಂಡದ ಮೇಲೆ ಹಾಕಿದರೆ ಉಬ್ಬುತ್ತದೆ. ಬಿಸಿ ಒಟ್ಟಿಗೆ ಬೆಣ್ಣೆ, ಜೇನು ಸವರಿ ಸುತ್ತಿ ಕೊಟ್ಟರೆ ಮಕ್ಕಳು ಓಡಾಡುತ್ತಾ ತಿನ್ನುತ್ತಾರೆ.


ಮೂರ್ನಾಡು | ಜುಲೈ 8, ಬೆಳಿಗ್ಗೆ 10.20

ನನ್ನ ಮಗುವಿಗೆ ಎಂಟು ತಿಂಗಳು. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಮೆತ್ತಗೆ ಹಿಸುಕಿ ಸ್ವಲ್ಪ ಜೇನು ಹಾಕಿ ಕೊಡಬಹುದಾ? ನಮ್ಮದೇ ತೋಟದ ಪೆಟ್ಟಿಗೆ ಜೇನು.


ಅಂಗನವಾಡಿ ಟೀಚರ್ | ಜುಲೈ 8, ಬೆಳಿಗ್ಗೆ 10.52

ಜೇನು ಬೇಡವೇ ಬೇಡ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಕೊಡಬಾರದು. ಎಷ್ಟೇ ಶುದ್ಧವಾಗಿದ್ದರೂ, ಮನೆಯದೇ ಆದರೂ, ಜೇನಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರಿಗೆ ಅದು ಏನೂ ಮಾಡುವುದಿಲ್ಲ. ಎಳೆ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಇದಕ್ಕೆ ಬೊಟುಲಿಸಂ ಅಂತಾರೆ. ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆ ಆಗಬಹುದು. ಕಾಯಿಸಿದರೂ ಆ ಬೀಜಾಣು ಸುಲಭವಾಗಿ ಸಾಯುವುದಿಲ್ಲ.

ನೂಲ್‌ಪುಟ್ಟು ಹಿಸುಕಿ ಮಾಗಿದ ಬಾಳೆಹಣ್ಣಿನ ಜೊತೆ ಕೊಡಿ. ಸಿಹಿಗೆ ಅದೇ ಸಾಕು.

ಇನ್ನೊಂದು ಮಾತು, ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಪುಡಿ ಮಾಡಿ ಉಂಡೆಗೆ ಸೇರಿಸಿ. ಹಲಸಿನ ಬೀಜವೂ ಹಾಗೆಯೇ, ಬೇಯಿಸಿ ಹಿಸುಕಿ ಕೊಡಿ.


ಮೂರ್ನಾಡು | ಜುಲೈ 8, ಬೆಳಿಗ್ಗೆ 11.05

ಕೇಳಿದ್ದು ಒಳ್ಳೆಯದಾಯಿತು ಟೀಚರ್. ಇವತ್ತೇ ಕೊಡುವವಳಿದ್ದೆ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.


ಚೆಟ್ಟಳ್ಳಿ ಹತ್ತಿರ | ಜುಲೈ 9, ಸಂಜೆ 7.30

ಬೆಣ್ಣೆಹಣ್ಣು ಯಾರೂ ಹೇಳಲಿಲ್ಲ! ಪ್ರತಿ ತೋಟದಲ್ಲೂ ಒಂದೆರಡು ಮರ ಇದ್ದೇ ಇರುತ್ತದೆ. ಎಷ್ಟೋ ಮನೆಯಲ್ಲಿ ಉದುರಿ ಕೊಳೆಯುತ್ತದೆ. ಪೇಟೆಯಲ್ಲಿ ಅದಕ್ಕೇ ಎಷ್ಟು ಬೆಲೆ ನೋಡಿ.

ಇದು ಮರದಲ್ಲಿ ಮೆತ್ತಗಾಗುವುದಿಲ್ಲ. ಬಲಿತ ಕಾಯಿ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಡಿ. ಐದಾರು ದಿನದಲ್ಲಿ ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗೆ ಅನಿಸುತ್ತದೆ. ತಿರುಳು ಚಮಚದಲ್ಲಿ ತೆಗೆದು, ಬೆಲ್ಲದ ಪುಡಿ, ಅರ್ಧ ಲೋಟ ತಣ್ಣನೆಯ ಹಾಲು ಹಾಕಿ ಫೋರ್ಕ್‌ನಲ್ಲಿ ಹಿಸುಕಿ. ಮಿಕ್ಸಿ ಕೂಡ ಬೇಡ. ಬಿಸಿ ಹಾಲು ಹಾಕಬೇಡಿ, ಕುದಿಸಬೇಡಿ, ಕಹಿ ಬರುತ್ತದೆ. ಮಾಡಿದ ತಕ್ಷಣ ತಿನ್ನಬೇಕು, ಇಟ್ಟರೆ ಕಪ್ಪಾಗುತ್ತದೆ.

ಪ್ಯಾಶನ್ ಫ್ರೂಟ್ ಬಳ್ಳಿಯೂ ಹಾಕಿ. ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ 'ಕಾವೇರಿ' ತಳಿ ಇದೆ. ತಿರುಳಿಗೆ ಸಕ್ಕರೆ, ನೀರು, ಚಿಟಿಕೆ ಉಪ್ಪು ಹಾಕಿ ಸೋಸಿದರೆ ಆಯಿತು. ಬಾಟಲಿ ಜ್ಯೂಸ್ ನಾವು ತರುವುದನ್ನೇ ಬಿಟ್ಟಿದ್ದೇವೆ.


ಪೊನ್ನಂಪೇಟೆ ಅಜ್ಜಿ | ಜುಲೈ 10, ಮಧ್ಯಾಹ್ನ 3.00

ಹಲಸಿನ ಹಣ್ಣು ಮುಗಿಯುತ್ತಾ ಬಂತು. ಅದಕ್ಕೆ ಮುಂಚೆ ಒಂದು ಸಲ ಕೂವಲೆ ಪುಟ್ಟು ಮಾಡಿ ಮಕ್ಕಳಿಗೆ ತಿನ್ನಿಸಿ. ಮಳೆಯಲ್ಲಿ ಹಣ್ಣು ನೀರಾಗಿ ಸಪ್ಪೆ ಇರುತ್ತದೆ ಎಂದು ಎಸೆಯುತ್ತಾರೆ. ಬೆಲ್ಲ ಸ್ವಲ್ಪ ಜಾಸ್ತಿ ಹಾಕಿದರೆ ಸರಿ ಹೋಗುತ್ತದೆ.

ಮೆತ್ತಗಿನ ತೊಳೆಯಾದರೆ ಕೈಯಲ್ಲೇ ಹಿಸುಕಿ, ನಾರು ತೆಗೆಯಿರಿ. ಗಟ್ಟಿ ತೊಳೆಯಾದರೆ ಹೆಚ್ಚಿ ಮಿಕ್ಸಿಗೆ ಹಾಕಿ. ಎರಡು ಲೋಟ ತಿರುಳಿಗೆ ಒಂದು ಲೋಟ ತರಿ, ಅರ್ಧ ಲೋಟ ತೆಂಗಿನ ತುರಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ತರಿ ಸ್ವಲ್ಪ ಬಿಸಿ ಮಾಡಿ ಹಾಕಿದರೆ ಒಳ್ಳೆಯದು. ಅರ್ಧ ಗಂಟೆ ಬಿಡಿ. ಕೂವಲೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಮುಕ್ಕಾಲು ಗಂಟೆ. ತೋಡಿನ ಬದಿಯಲ್ಲಿ ಕೂವಲೆ ಸಿಗುತ್ತದೆ. ಸಿಗದಿದ್ದರೆ ಬಾಳೆ ಎಲೆ ಬಾಡಿಸಿ ಬಳಸಿ. ಕೂವಲೆಯ ಪರಿಮಳ ಬಾಳೆ ಎಲೆಗೆ ಇಲ್ಲ. ಆದರೆ ಎಲೆ ಇಲ್ಲ ಅಂತ ಮಾಡದೇ ಇರುವುದಕ್ಕಿಂತ ಇದು ವಾಸಿ.

ಬಿಸಿ ಇರುವಾಗ ಮೇಲೆ ಬೆಣ್ಣೆ ಇಟ್ಟು ಕೊಡಿ.


ಕುಶಾಲನಗರದ ಅಪ್ಪ | ಜುಲೈ 14, ರಾತ್ರಿ 9.40

ಭಾನುವಾರ ನಾನು ಮತ್ತು ಮಗಳು ಸೇರಿ ಎರಡು ಕಿಲೋ ಅಕ್ಕಿ ಒಡೆದೆವು. ಜರಡಿ ಹಿಡಿದದ್ದು ಅವಳು. ಮೂರು ಡಬ್ಬಕ್ಕೂ ಅವಳೇ ಚೀಟಿ ಬರೆದು ಅಂಟಿಸಿದಳು. ಇವತ್ತು ಬೆಲ್ಲ ತುಂಬಿದ ಕಡಂಬುಟ್ಟು ಮಾಡಿದೆವು. ಅವಳ ಉಂಡೆಗಳೆಲ್ಲ ಬಿರಿದು ಬೆಲ್ಲ ಹೊರಗೆ ಬಂತು. ಆದರೂ ಒಂದೂ ಉಳಿಯಲಿಲ್ಲ. ಬಿರಿಯದ ಹಾಗೆ ಏನು ಮಾಡಬೇಕು?


ಸಿದ್ದಾಪುರದಿಂದ | ಜುಲೈ 14, ರಾತ್ರಿ 10.05

ಅಣ್ಣ, ನನಗೂ ಮೊದಲ ದಿನ ಹಾಗೇ ಆಯಿತು. ಬೆಲ್ಲ ಜಾಸ್ತಿ ಇಟ್ಟಿದ್ದೆ. ಈಗ ಬೆಲ್ಲ, ತೆಂಗಿನ ತುರಿ ಬಾಣಲೆಯಲ್ಲಿ ಸ್ವಲ್ಪ ಬಾಡಿಸಿ ಗಟ್ಟಿ ಮಾಡಿ ಇಡುತ್ತೇನೆ. ಅದರಿಂದ ಕಡಲೆಬೀಜದ ಗಾತ್ರದ ಉಂಡೆ ಮಾಡಿ ಮಧ್ಯದಲ್ಲಿ ಇಟ್ಟರೆ ಬಿರಿಯುವುದಿಲ್ಲ. ಹುರಿಹಿಟ್ಟನ್ನೂ ಒಳಗೆ ಇಟ್ಟು ನೋಡಿದೆ. ಮಕ್ಕಳಿಗೆ ತುಂಬಾ ಹಿಡಿಸಿತು. ಲೈನ್‌ನ ಬೇರೆ ಮಕ್ಕಳೂ ಬರುತ್ತಾರೆ ಈಗ.


ಸುಂಟಿಕೊಪ್ಪದ ಅಮ್ಮ | ಜುಲೈ 20, ರಾತ್ರಿ 8.50

ಎರಡು ವಾರದ ಸುದ್ದಿ ಹೇಳುತ್ತೇನೆ. ಪಾಪುಟ್ಟು ಬಂತು! ಕಲಸಿ ಸುರಿದೆ, ಬಟ್ಟೆ ಕಟ್ಟಿದೆ. ಮೇಲೆ ಒಂದು ಹನಿ ನೀರಿಲ್ಲ. ಅತ್ತೆ ಬಾಯಿಗೆ ಇಟ್ಟು "ನಮ್ಮ ತವರಿನದು ಹೀಗೇ ಇರುತ್ತಿತ್ತು" ಎಂದರು.

ತಂಬುಟ್ಟು ಪುಡಿ ಅತ್ತೆಯೇ ಹುರಿದರು. ನನ್ನನ್ನು ಬಾಣಲೆ ಹತ್ತಿರ ಬಿಡಲಿಲ್ಲ. ಅಕ್ಕಿಯ ಸದ್ದು ಕೇಳಿಕೊಂಡು ಉರಿ ಕಡಿಮೆ ಮಾಡುತ್ತಾರೆ. ಅದನ್ನು ನೋಡಿ ಕಲಿಯಬೇಕು, ಬರೆದು ತಿಳಿಸಲು ಆಗುವುದಿಲ್ಲ. ಈಗ ನಾಲ್ಕೂಕಾಲಕ್ಕೆ ಮಕ್ಕಳು ಬಂದರೆ ಬಾಳೆಹಣ್ಣು ಹಿಸುಕುವುದು ಮಗನ ಕೆಲಸ. ಎಳ್ಳು ಉದುರಿಸುವುದು ಮಗಳ ಕೆಲಸ.

ಎಲ್ಲಾ ಸರಿ ಹೋಯಿತು ಅಂತ ಹೇಳಲಾರೆ. ಕೂವಲೆ ಪುಟ್ಟು ಮಗ ಮುಟ್ಟಲಿಲ್ಲ, ಹಲಸಿನ ವಾಸನೆಯೇ ಅವನಿಗೆ ಆಗುವುದಿಲ್ಲ. ಶುಕ್ರವಾರ ಒಂದು ಚಿಪ್ಸ್ ಪ್ಯಾಕೆಟ್ ಬೇಕೇ ಬೇಕು ಎಂದ. ಒಪ್ಪಿಕೊಂಡೆ. ವಾರಕ್ಕೆ ಒಂದು ಇರಲಿ. ಈ ಎರಡು ವಾರದಲ್ಲಿ ಅಂಗಡಿ ಲೆಕ್ಕ 85 ರೂಪಾಯಿ.

ಇನ್ನೊಂದು ಕೇಳಬೇಕು. ಕಕ್ಕಡ ತಿಂಗಳು ಶುರುವಾಯಿತು. ಮದ್ದ್ ಸೊಪ್ಪಿನ ರಸದಲ್ಲಿ ಮಾಡುವ ಮದ್ದ್ ಪಾಯಸ ಈ ಸಲ ಮನೆಯಲ್ಲೇ ಮಾಡಬೇಕು ಎಂದು ಆಸೆ. ಬೇಲಿಯಲ್ಲಿ ಒಂದು ಗಿಡ ಇದೆ. ಫೋಟೋ ಹಾಕಿದರೆ ಅದೇನಾ ಎಂದು ಹೇಳುತ್ತೀರಾ?


ಪೊನ್ನಂಪೇಟೆ ಅಜ್ಜಿ | ಜುಲೈ 20, ರಾತ್ರಿ 9.35

ಫೋಟೋ ನೋಡಿ ನಾನು ಹೇಳುವುದಿಲ್ಲ ಮಗಳೇ. ಅದೇ ಥರದ ಎಲೆ ಬೇರೆ ಗಿಡಕ್ಕೂ ಇರುತ್ತದೆ. ಮಕ್ಕಳು ತಿನ್ನುವುದು. ಅತ್ತೆಗೆ ತೋರಿಸು. ಇಲ್ಲವೇ ಪ್ರತಿ ವರ್ಷ ಮಾಡುವ ಮನೆಯಿಂದ ಒಂದು ಕಟ್ಟು ಕೇಳಿ ತಾ. ಯಾರೂ ಇಲ್ಲ ಅನ್ನುವುದಿಲ್ಲ. ಆ ದಿನಗಳಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಲ್ಲೂ ನೋಡು.

ಆಗಸ್ಟ್ 3 ಕಕ್ಕಡ ಹದಿನೆಂಟು. ಆ ದಿನದ ಹೊತ್ತಿಗೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ಹಿಂದಿನ ದಿನ ಸಂಜೆ ಸೊಪ್ಪು, ದಂಟು ಎರಡನ್ನೂ ತೊಳೆದು, ದಂಟು ಜಜ್ಜಿ, ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಕುದಿಸು. ರಾತ್ರಿಯಿಡೀ ಹಾಗೇ ಇಡು. ಬೆಳಿಗ್ಗೆ ಸೋಸಿದರೆ ಕಡು ನೇರಳೆ ನೀರು. ಹಸಿರು ಸೊಪ್ಪಿನಿಂದ ಆ ಬಣ್ಣ ಬರುವುದನ್ನು ಮಕ್ಕಳಿಗೆ ತೋರಿಸು, ಕಣ್ಣರಳಿಸಿ ನೋಡುತ್ತಾರೆ. ಆ ನೀರಿನಲ್ಲೇ ಒಂದು ಲೋಟ ಅಕ್ಕಿ ಮೆತ್ತಗೆ ಬೇಯಿಸು. ಬೆಲ್ಲ ಹಾಕು. ಕೊನೆಯಲ್ಲಿ ತೆಂಗಿನ ಹಾಲು, ಏಲಕ್ಕಿ. ತೆಂಗಿನ ಹಾಲು ಹಾಕಿದ ಮೇಲೆ ಜಾಸ್ತಿ ಕುದಿಸಬೇಡ, ಒಡೆಯುತ್ತದೆ.

ಮಕ್ಕಳಿಗೆ ಮೊದಲೇ ಹೇಳಿಡು, ಮರುದಿನ ಮೂತ್ರ ಕೆಂಪಗೆ ಬರುತ್ತದೆ. ಅದು ಸೊಪ್ಪಿನ ಬಣ್ಣ. ಹೇಳದೇ ಇದ್ದರೆ ಹೆದರಿ ಅಳುತ್ತಾರೆ.


ಸುಂಟಿಕೊಪ್ಪದ ಅಮ್ಮ | ಆಗಸ್ಟ್ 4, ರಾತ್ರಿ 8.15

ಬೇಲಿಯಲ್ಲಿದ್ದ ಗಿಡ ಮದ್ದ್ ಸೊಪ್ಪು ಆಗಿರಲಿಲ್ಲ! ಅತ್ತೆ ನೋಡಿದ ಕೂಡಲೇ ಹೇಳಿದರು. ಕೇಳದೇ ಕಿತ್ತಿದ್ದರೆ ಏನಾಗುತ್ತಿತ್ತೋ. ಪಕ್ಕದ ತೋಟದವರು ಒಂದು ದೊಡ್ಡ ಕಟ್ಟು ಕೊಟ್ಟರು. ರಾತ್ರಿ ಕುದಿಸುವಾಗ ಮನೆಯೆಲ್ಲ ಪರಿಮಳ. ಬೆಳಿಗ್ಗೆ ಮಗ ನೀರಿನ ಬಣ್ಣ ನೋಡಿ ಅಜ್ಜಿಯನ್ನು ನೂರು ಪ್ರಶ್ನೆ ಕೇಳಿದ. ಎರಡು ಬಟ್ಟಲು ತಿಂದ.

ಇನ್ನು ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ. ಈ ಸಲ ನನ್ನ ತಮ್ಮನ ಮನೆಯವರೂ ಬರುತ್ತಾರೆ, ಒಟ್ಟು ಹನ್ನೆರಡು ಜನ. ಕಡಂಬುಟ್ಟಿಗೆ ತರಿ ಎಷ್ಟು ಬೇಕು ಅಜ್ಜಿ?


ಪೊನ್ನಂಪೇಟೆ ಅಜ್ಜಿ | ಆಗಸ್ಟ್ 4, ರಾತ್ರಿ 8.50

ಒಂದು ಕಿಲೋ ತರಿಗೆ ಅರವತ್ತು ಉಂಡೆ ಆಗುತ್ತದೆ. ಅಷ್ಟು ಸಾಕು. ಆದರೆ ಒಂದೂಕಾಲು ಕಿಲೋ ಇಟ್ಟುಕೋ. ಮರುದಿನ ಸಂಜೆಗೆ ಒಗ್ಗರಣೆ ಹಾಕಲು ಮಕ್ಕಳಿಗೆ ಉಳಿಯಬೇಕಲ್ವಾ. ಹಂದಿ ಮಾಂಸದ ಪಂದಿ ಕರಿಗೆ ಹುಳಿಗೆ ಹಾಕುವ ಕಾಚಂಪುಳಿ ಇದೆಯಾ ಮನೆಯಲ್ಲಿ?